ಒಬಾಮಾ ಹೆಸರಿಗೆ ಇಬ್ಬರು ವಾರಸುದಾರರು: 2016ರ ಪ್ರೈಮರಿಯಲ್ಲಿ ನಿಜಕ್ಕೂ ನಡೆದಿದ್ದೇನು?

ಪ್ರಶ್ನೆ: ಸರ್, 2016ರ ಹಿಲರಿ ಕ್ಲಿಂಟನ್, ಬರ್ನಿ ಸ್ಯಾಂಡರ್ಸ್ ಡಿಬೇಟ್‌ಗಳ ಹಳೇ ವಿಡಿಯೋ ನೋಡ್ತಿದ್ದೆ. ಹಿಲರಿ ಬಾಯಿ ತೆಗೆದ್ರೆ ಒಬಾಮಾ ಅಂತಾರೆ, ಸ್ಯಾಂಡರ್ಸ್ ನೋಡಿದ್ರೆ ನಾನೂ ಅವ್ರ ಜೊತೆ ಏಳು ವರ್ಷ ಕೆಲಸ ಮಾಡಿದೀನಿ ಅಂತಾರೆ. 2008ರಲ್ಲಿ ಒಬಾಮಾ ಎದುರೇ ನಿಂತು ತಿಂಗಳುಗಟ್ಟಲೆ ಕಿತ್ತಾಡಿದ್ದು ಇದೇ ಹಿಲರಿ ಅಲ್ವಾ? ಕುರ್ಚಿ ಬಿಟ್ಟು ಹೊರಟಿರೋ ಅಧ್ಯಕ್ಷರ ಹೆಸರಿಗೆ ಯಾಕಿಷ್ಟು ಪೈಪೋಟಿ? ಒಬಾಮಾ ಯಾಕೆ ಸುಮ್ನಿದ್ರು? ಕೊನೆಗೆ ಆ ಹೆಸರಿಂದ ವೋಟು ಬಂತಾ?

ಉತ್ತರ: ಒಳ್ಳೆ ಪ್ರಶ್ನೆ, ಕ್ಲಾಸಲ್ಲಿ ಅಮೆರಿಕದ ಚುನಾವಣೆ ಪಾಠ ಮಾಡುವಾಗ ನಾನು ಪ್ರತಿ ಸಲ ಆ ಒಂದು ಡಿಬೇಟ್ ಹತ್ರ ಬಂದು ನಿಂತ್ಕೋತೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತಾ ಇದೀನಿ, ತಾಳ್ಮೆಯಿಂದ ಓದಿ.

ಮೊದ್ಲು ಪ್ರೈಮರಿ ಅಂದ್ರೇನು ಅಂತ ಒಂದು ಮಾತು, ಗೊತ್ತಿರೋರು ಈ ಪ್ಯಾರಾ ದಾಟ್ಕೊಂಡು ಹೋಗಿ. ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ಹೇಳತ್ತೆ, ಅಲ್ಲಿ ಪಕ್ಷದ ಮತದಾರರೇ ರಾಜ್ಯ ರಾಜ್ಯದಲ್ಲಿ ವೋಟು ಹಾಕಿ ಟಿಕೆಟ್ ಕೊಡ್ತಾರೆ. ಅಂದ್ರೆ ಪ್ರೈಮರಿಯಲ್ಲಿ ಎದುರಾಳಿ ಪಕ್ಷದವರನ್ನ ಒಲಿಸೋ ಕೆಲಸ ಇರಲ್ಲ, ಮನೆಯವರನ್ನೇ ಒಲಿಸ್ಬೇಕು. ಆ ಮನೆಯವರಿಗೆ ಈಗಿರೋ ಅಧ್ಯಕ್ಷರು ಇಷ್ಟ ಇದ್ರೆ, ಆ ಅಧ್ಯಕ್ಷರಿಗೆ ಎಂಟು ವರ್ಷ ಮುಗಿದು 22ನೇ ತಿದ್ದುಪಡಿ ಪ್ರಕಾರ (ಅದು ಬಂದಿದ್ದು 1951ರಲ್ಲಿ) ಮತ್ತೆ ನಿಲ್ಲೋಕೆ ಆಗ್ದೇ ಇದ್ರೆ, ಅವ್ರ ಮೇಲಿರೋ ಪ್ರೀತಿ ಎಲ್ಲಾದ್ರೂ ಹೋಗಿ ಸೇರ್ಬೇಕಲ್ಲ? ಅದು ನನ್ನ ಕಡೆಗೆ ಬರ್ಲಿ ಅನ್ನೋದೇ ಈ ಪೈಪೋಟಿ. 2016ರ ಹೊತ್ತಿಗೆ ದೇಶ ಪೂರ್ತಿ ತಗೊಂಡ್ರೆ ಒಬಾಮಾ ಬಗ್ಗೆ ಹೆಚ್ಚುಕಮ್ಮಿ ಅರ್ಧಕ್ಕರ್ಧ ಅಭಿಪ್ರಾಯ ಇತ್ತು, ಆದ್ರೆ ಅವ್ರ ಪಕ್ಷದ ಡೆಮಾಕ್ರಾಟ್‌ಗಳನ್ನಷ್ಟೇ ಕೇಳಿದ್ರೆ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಜನ ಅವ್ರ ಕೆಲಸ ಮೆಚ್ತಿದ್ರು. ಅಂಥ ಮನೇಲಿ ನಿಂತ್ಕೊಂಡು ಮನೆ ಯಜಮಾನನ್ನ ಬೈದ್ರೆ ಕೇಳೋರ್ಯಾರು?

ಇನ್ನು ಆ ಡಿಬೇಟ್. 2016 ಫೆಬ್ರವರಿ 11, ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಊರು. ಅದಕ್ಕೆ ಹತ್ತು ದಿನ ಮುಂಚೆ ಅಯೋವಾದಲ್ಲಿ ಹಿಲರಿ ಕೂದಲೆಳೆ ಅಂತರದಲ್ಲಿ ಗೆದ್ದಿದ್ರು, ಶೇ 49.8ಕ್ಕೆ 49.6, ಎರಡೇ ದಿನ ಮುಂಚೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವರ್ಮಾಂಟ್ ರಾಜ್ಯದ ಸೆನೆಟರ್ ಸ್ಯಾಂಡರ್ಸ್, ಹಿಲರಿನ ಶೇ 60ಕ್ಕೆ 38ರ ಲೆಕ್ಕದಲ್ಲಿ ಹೊಡೆದು ಹಾಕಿದ್ರು. ಹಿಲರಿ ಕ್ಯಾಂಪ್‌ನಲ್ಲಿ ನಡುಕ ಶುರುವಾಗಿದ್ದ ಟೈಮ್ ಅದು. ಗ್ವೆನ್ ಐಫಿಲ್, ಜೂಡಿ ವುಡ್‌ರಫ್ ಇಬ್ಬರು ಪತ್ರಕರ್ತೆಯರು ಆ ಡಿಬೇಟ್ ನಡೆಸಿದ್ದು. ಕೊನೆ ಹತ್ತಿರ ಬರ್ತಿದ್ದಂಗೆ ಹಿಲರಿ ತಿರುಗಿ, ಸ್ಯಾಂಡರ್ಸ್ ನಮ್ಮ ಅಧ್ಯಕ್ಷರ ಬಗ್ಗೆ ಮಾಡೋ ಥರದ ಟೀಕೆ ನಾನು ರಿಪಬ್ಲಿಕನ್ನರಿಂದ ನಿರೀಕ್ಷೆ ಮಾಡ್ತೀನಿ, ಒಬಾಮಾ ಅವರ ನಂತರ ಬರೋಕೆ ಡೆಮಾಕ್ರಟಿಕ್ ಟಿಕೆಟ್ ಕೇಳ್ತಿರೋರಿಂದ ಅಲ್ಲ ಅಂದ್ರು. ಒಬಾಮಾ ಪ್ರಗತಿಪರರಿಗೆ ನಿರಾಸೆ ಮಾಡಿದ್ರು ಅಂತ ವಾದಿಸೋ ಒಂದು ಪುಸ್ತಕ ಆಗ ತಾನೇ ಬಂದಿತ್ತು, ಅದಕ್ಕೆ ಸ್ಯಾಂಡರ್ಸ್ ಮೆಚ್ಚುಗೆ ಮಾತು ಕೊಟ್ಟಿದ್ರು, ಅದನ್ನೂ ಎತ್ತಿ ಆಡಿದ್ರು. ಸ್ಯಾಂಡರ್ಸ್ ಮುಖ ಕೆಂಪಗಾಯ್ತು, "ಮೇಡಂ ಸೆಕ್ರೆಟರಿ, ಇದು ಕೀಳು ಏಟು" ಅಂದ್ರು. ಒಬ್ಬ ಸೆನೆಟರ್‌ಗೆ ಅಧ್ಯಕ್ಷರ ಜೊತೆ ಭಿನ್ನಾಭಿಪ್ರಾಯ ಇಟ್ಕೊಳ್ಳೋ ಹಕ್ಕಿಲ್ವಾ, ನೀವು ಯಾವತ್ತೂ ಒಪ್ಪದೇ ಇದ್ದಿದ್ದೇ ಇಲ್ವಾ ಅಂತ ಕೇಳಿದ್ರು. ಆಮೇಲೆ ಬಂದ ಮಾತು ನೀವು ನೋಡಿರ್ತೀರಿ: "ನಮ್ಮಿಬ್ಬರಲ್ಲಿ ಒಬ್ರು ಬರಾಕ್ ಒಬಾಮಾ ವಿರುದ್ಧ ನಿಂತಿದ್ರು. ಆ ಅಭ್ಯರ್ಥಿ ನಾನಲ್ಲ."

ಮಾತಿನ ಲೆಕ್ಕದಲ್ಲಿ ಆ ರಾತ್ರಿ ಗೆದ್ದಿದ್ದು ಸ್ಯಾಂಡರ್ಸೇ ಅಂತ ನಾನೂ ಒಪ್ತೀನಿ. ಆದ್ರೆ ವೋಟಿನ ಲೆಕ್ಕ ಬೇರೆ ಆಯ್ತು, ಯಾಕಾಯ್ತು ಅಂತ ಹೇಳೋಕೆ ಮುಂಚೆ ಇಬ್ಬರ ಹತ್ರಾನೂ ಏನೇನು ದಾಖಲೆ ಇತ್ತು ಅಂತ ನೋಡೋಣ, ವಾರಸುದಾರಿಕೆ ಕೇಸಲ್ಲಿ ಕಾಗದ ಪತ್ರ ನೋಡ್ತಾರಲ್ಲ ಹಂಗೆ.

ಹಿಲರಿ ಹತ್ರ ಇದ್ದ ದೊಡ್ಡ ಕಾಗದ ಅಂದ್ರೆ ನಾಲ್ಕು ವರ್ಷದ ವಿದೇಶಾಂಗ ಸಚಿವೆ ಕೆಲಸ. 2008ರ ಪ್ರೈಮರಿಯಲ್ಲಿ ಸೋತು, ಜೂನ್ 7ಕ್ಕೆ ಕಣದಿಂದ ಸರಿದು, ಒಬಾಮಾ ಪರ ಪ್ರಚಾರ ಮಾಡಿ, ಅವರದೇ ಸಂಪುಟ ಸೇರಿ 2013ರ ತನಕ ದುಡಿದ್ರು. ಹೊಡೆದಾಡಿ ಸೋತು ಆಮೇಲೆ ನಿಷ್ಠೆಯಿಂದ ಕೆಲಸ ಮಾಡಿದೋರಿಗೆ ಜನರಲ್ಲಿ ಒಂದು ಗೌರವ ಇರತ್ತೆ. ಆದ್ರೆ ಎಂಟು ವರ್ಷದ ಎಲ್ಲಾ ವಿಷಯದಲ್ಲೂ ಅವ್ರು ಒಬಾಮಾ ಜೊತೆ ಇದ್ರಾ? ಇರ್ಲಿಲ್ಲ. ಒಬಾಮಾ ಪೆಸಿಫಿಕ್ ದೇಶಗಳ ಜೊತೆ ಮಾಡ್ಕೊಂಡ ಟಿಪಿಪಿ ವ್ಯಾಪಾರ ಒಪ್ಪಂದನ ಸಚಿವೆ ಆಗಿದ್ದಾಗ ಹಾಡಿ ಹೊಗಳಿದ್ದ ಹಿಲರಿ, 2015 ಅಕ್ಟೋಬರ್‌ನಲ್ಲಿ ಬೇಡ ಅಂದ್ರು. ಕೀಸ್ಟೋನ್ ಎಣ್ಣೆ ಪೈಪ್‌ಲೈನ್ ವಿಷಯದಲ್ಲಿ ಅಧ್ಯಕ್ಷರು ತೀರ್ಮಾನ ಹೇಳೋ ಮುಂಚೆಯೇ ಸೆಪ್ಟೆಂಬರ್‌ನಲ್ಲಿ ತನ್ನ ವಿರೋಧ ಹೇಳಿಬಿಟ್ರು. ಸಿರಿಯಾ ಮೇಲೆ ವಿಮಾನ ಹಾರದ ವಲಯ ಬೇಕು ಅಂದ್ರು, ಒಬಾಮಾ ಅದಕ್ಕೆ ತಯಾರಿರ್ಲಿಲ್ಲ, ಅಧ್ಯಕ್ಷ ಆಗೋಕೆ ಓಡಾಡೋದಕ್ಕೂ ಅಧ್ಯಕ್ಷ ಆಗಿರೋದಕ್ಕೂ ವ್ಯತ್ಯಾಸ ಇದೆ ಅನ್ನೋ ಅರ್ಥದಲ್ಲಿ ಬಹಿರಂಗವಾಗೇ ಉತ್ತರ ಕೊಟ್ರು. ಹಂಗಾಗಿ ಪಾಲಿಸಿ ಪಾಲಿಸಿ ಜೋಡಿಸಿ ನೋಡಿದ್ರೆ ಹಿಲರಿ ಪೂರ್ತಿ ವಾರಸುದಾರೆ ಅಂತ ಹೇಳೋಕಾಗಲ್ಲ.

ಸ್ಯಾಂಡರ್ಸ್ ಹತ್ರಾನೂ ಕಾಗದ ಇತ್ತು, ಇದನ್ನ ತುಂಬಾ ಜನ ಮರೀತಾರೆ. 2009 ಡಿಸೆಂಬರ್ 24ಕ್ಕೆ ಸೆನೆಟ್‌ನಲ್ಲಿ ಒಬಾಮಾ ಆರೋಗ್ಯ ಕಾಯ್ದೆ 60-39ರಲ್ಲಿ ಪಾಸಾಯ್ತಲ್ಲ, ಆ 60ರಲ್ಲಿ ಅವರದೂ ಒಂದು. ಚರ್ಚೆ ಮುಗಿಸಿ ಬಿಲ್‌ನ ಕೊನೇ ವೋಟಿಗೆ ತರೋಕೇ 60 ಬೇಕಿತ್ತು, ಒಂದೇ ಒಂದು ವೋಟು ಕಮ್ಮಿ ಆಗಿದ್ರೂ ಆ ಬಿಲ್ ಅಲ್ಲೇ ಸಿಕ್ಕಾಕೊಳ್ತಿತ್ತು. ಬಡವರ ಏರಿಯಾಗಳಲ್ಲಿ ನಡೆಯೋ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಸುಮಾರು 11 ಬಿಲಿಯನ್ ಡಾಲರ್ ಆ ಕಾಯ್ದೆಯೊಳಗೆ ಸೇರಿಸೋಕೆ ಪಟ್ಟು ಹಿಡಿದಿದ್ದು ಅವ್ರೇ. ಅಷ್ಟೆಲ್ಲಾ ಮಾಡಿದೋರು 2011ರಲ್ಲಿ ರೇಡಿಯೋದಲ್ಲಿ ಮಾತಾಡ್ತಾ, 2012ಕ್ಕೆ ಒಬಾಮಾಗೆ ಪಕ್ಷದೊಳಗಿಂದಲೇ ಯಾರಾದ್ರೂ ಪೈಪೋಟಿ ಕೊಟ್ರೆ ಒಳ್ಳೇದು ಅಂದುಬಿಟ್ರು. ಆ ಒಂದು ಮಾತು ಐದು ವರ್ಷ ಆದ್ಮೇಲೆ ಬಂದು ಕಾಲಿಗೆ ತೊಡರಿಕೊಂಡಿತು. ಹಿಲರಿ ಅದನ್ನ ಸೌತ್ ಕ್ಯಾರೊಲಿನಾ ರಾಜ್ಯದ ಚಾರ್ಲ್‌ಸ್ಟನ್‌ನಲ್ಲಿ ನಡೆದ ಡಿಬೇಟ್‌ನಲ್ಲಿ ಜನವರಿ 17ಕ್ಕೇ ತೆಗೆದಿದ್ರು. ಮೇಲಿಂದ ಅವ್ರು ದಶಕಗಳ ಕಾಲ ಪಕ್ಷೇತರರಾಗಿ ಗೆದ್ದು ಬಂದೋರು, ಟಿಕೆಟ್ ಕೇಳೋಕೆ ಮಾತ್ರ ಪಕ್ಷಕ್ಕೆ ಬಂದ್ರು ಅನ್ನೋ ಗುಮಾನಿ ಹಳೇ ಕಾರ್ಯಕರ್ತರಲ್ಲಿ ಇದ್ದೇ ಇತ್ತು.

ಚಾರ್ಲ್‌ಸ್ಟನ್ ಡಿಬೇಟ್ ಇನ್ನೊಂದು ಕಾರಣಕ್ಕೂ ಮುಖ್ಯ. ಅದು ಶುರುವಾಗೋಕೆ ಸ್ವಲ್ಪ ಗಂಟೆ ಮುಂಚೆ ಸ್ಯಾಂಡರ್ಸ್ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಕೊಡೋ ತಮ್ಮ ಯೋಜನೆಯ ವಿವರ ಬಿಟ್ರು. ಹಿಲರಿ ತಕ್ಷಣ ಹಿಡ್ಕೊಂಡ್ರು: ಇಷ್ಟು ಕಷ್ಟಪಟ್ಟು ಒಬಾಮಾ ಮಾಡಿದ್ದನ್ನ ಹರಿದು ಹಾಕಿ ಮತ್ತೆ ಮೊದಲಿಂದ ಶುರು ಮಾಡೋದಾ? ಸ್ಯಾಂಡರ್ಸ್ ಉತ್ತರ, ಹರಿದು ಹಾಕೋ ಮಾತೆಲ್ಲಿ ಬಂತು, ಅದನ್ನ ಬರೆಯೋದ್ರಲ್ಲಿ ನನ್ನ ಕೈಯೂ ಇದೆ, ಅಲ್ಲಿಂದ ಮುಂದಕ್ಕೆ ಹೋಗೋಣ ಅಂತಿದೀನಿ ಅಷ್ಟೇ. ಈ ಜಗಳದ ತಿರುಳು ಇಲ್ಲಿದೆ ನೋಡಿ. ಒಂದು ಮನೆ ಕಟ್ಟಿದ್ದಾರೆ, ತಾರಸಿ ಬಾಕಿ ಇದೆ. ಒಬ್ರು ಹೇಳ್ತಾರೆ ತಾರಸಿ ಹಾಕಿದ್ರೆ ಸಾಕು, ಮೇಸ್ತ್ರಿ ಒಳ್ಳೆ ಕೆಲಸ ಮಾಡಿದಾನೆ ಅಂತ. ಇನ್ನೊಬ್ರು ಹೇಳ್ತಾರೆ ಪಾಯ ಹಾಕುವಾಗಲೇ ಇನ್ನೂ ಎರಡು ರೂಮು ಹೆಚ್ಚಿಗೆ ಹಾಕ್ಬೇಕಿತ್ತು ಅಂತ. ಇಬ್ಬರಿಗೂ ಮನೆ ಮೇಲೆ ಪ್ರೀತಿ ಇದೆ, ಆದ್ರೆ ಎರಡನೇ ಮಾತು ಕೇಳಿಸ್ಕೊಂಡ ಮೇಸ್ತ್ರಿ ಕಡೆಯವರಿಗೆ ಅದು ಬೈಗುಳದ ಥರ ಕೇಳಿಸತ್ತೆ. ಸ್ಯಾಂಡರ್ಸ್ ಏನೇ ಹೇಳಿದ್ರೂ, ಬ್ಯಾಂಕುಗಳ ಬಗ್ಗೆ ಆಗ್ಲಿ, ವಿಮೆ ಕಂಪನಿಗಳ ಬಗ್ಗೆ ಆಗ್ಲಿ, ಚುನಾವಣಾ ದುಡ್ಡಿನ ಬಗ್ಗೆ ಆಗ್ಲಿ, ಅದರ ಬೆನ್ನಿಗೇ ಕೇಳದೇ ಇರೋ ಇನ್ನೊಂದು ವಾಕ್ಯ ಬರ್ತಿತ್ತು, ಎಂಟು ವರ್ಷದಲ್ಲಿ ಇದು ಆಗಲಿಲ್ಲ ಅಂತ. ಅವ್ರು ಅದನ್ನ ಬಾಯಿಬಿಟ್ಟು ಹೇಳೋ ಅಗತ್ಯನೇ ಇರ್ಲಿಲ್ಲ.

ಈಗ ಸೌತ್ ಕ್ಯಾರೊಲಿನಾಕ್ಕೆ ಬರೋಣ, ನನ್ನ ಪ್ರಕಾರ ಇಡೀ ಕಥೆ ತೀರ್ಮಾನ ಆಗಿದ್ದು ಅಲ್ಲಿ. ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಗೆ ಬರೋರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನಾಂಗದ ಮತದಾರರು. 2008 ಜನವರಿ 26ರಂದು ಇದೇ ರಾಜ್ಯ ಒಬಾಮಾಗೆ ಶೇ 55 ಕೊಟ್ಟು ಹಿಲರಿಗೆ ಶೇ 27ರಷ್ಟನ್ನೂ ಕೊಡದೆ ಕಳಿಸಿತ್ತು. ಆವತ್ತು ಹಿಲರಿ ಗಂಡ, ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರು ಒಬಾಮಾ ಗೆಲುವನ್ನ ಕಪ್ಪು ಜನಾಂಗದ ನಾಯಕ ಜೆಸ್ಸಿ ಜಾಕ್ಸನ್ 1980ರ ದಶಕದಲ್ಲಿ ಅಲ್ಲಿ ಗೆದ್ದಿದ್ದಕ್ಕೆ ಹೋಲಿಸಿ ಮಾತಾಡಿದ್ದು ಆ ಜನರ ಮನಸ್ಸಿಗೆ ತುಂಬಾ ನೋವು ಮಾಡಿತ್ತು, ನಮ್ಮ ಹುಡುಗ ಗೆದ್ರೆ ಅದು ಬರೀ ನಮ್ಮ ಜನ ವೋಟು ಹಾಕಿದ್ದಕ್ಕೆ ಅಂತ ಸಣ್ಣದು ಮಾಡ್ತಿದಾರೆ ಅಂತ. ಅಂಥ ಜಾಗಕ್ಕೆ ಎಂಟು ವರ್ಷ ಬಿಟ್ಟು ಹಿಲರಿ ವಾಪಸ್ ಬಂದ್ರು, ಈ ಸಲ ಒಬಾಮಾ ಕೆಲಸನ ಕಾಪಾಡೋಕೆ ಬಂದಿದೀನಿ ಅಂತ ಹೇಳ್ಕೊಂಡು. ಆ ರಾಜ್ಯದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಫೆಬ್ರವರಿ 19ಕ್ಕೆ ಬೆಂಬಲ ಘೋಷಿಸಿದ್ರು. ಫೆಬ್ರವರಿ 27ಕ್ಕೆ ಫಲಿತಾಂಶ ಬಂತು: ಹಿಲರಿಗೆ ಶೇ 73, ಸ್ಯಾಂಡರ್ಸ್‌ಗೆ ಶೇ 26. ಎಕ್ಸಿಟ್ ಪೋಲ್ ಪ್ರಕಾರ ಕಪ್ಪು ಮತದಾರರಲ್ಲಿ ನೂರಕ್ಕೆ 86 ಜನ ಹಿಲರಿಗೆ ಹಾಕಿದ್ರು.

ಇದನ್ನ ಬರೀ ತಂತ್ರ ಅಂತ ನೋಡೋರಿದಾರೆ, ನಾನು ಹಂಗೆ ನೋಡಲ್ಲ. ಏಳೆಂಟು ವರ್ಷ ಆ ಜನ ಏನೇನು ನೋಡಿದ್ರು ಅಂತ ಯೋಚನೆ ಮಾಡಿ. ಅಧ್ಯಕ್ಷರ ಹುಟ್ಟಿದ ಪ್ರಮಾಣಪತ್ರ ತೋರ್ಸಿ ಅಂತ ಕೇಳಿದ್ರು, 2011ರಲ್ಲಿ ಅವ್ರು ಅದನ್ನ ತೋರಿಸ್ಲೂ ಬೇಕಾಯ್ತು. 2009ರಲ್ಲಿ ಸಂಸತ್ತಲ್ಲಿ ಭಾಷಣ ಮಾಡ್ತಿದ್ದಾಗ ಸೌತ್ ಕ್ಯಾರೊಲಿನಾದವರೇ ಆದ ಒಬ್ಬ ರಿಪಬ್ಲಿಕನ್ ಸದಸ್ಯರು ಮಧ್ಯದಲ್ಲೇ "ನೀವು ಸುಳ್ಳು ಹೇಳ್ತಿದೀರಿ" ಅಂತ ಕೂಗಿದ್ರು. 2015 ಜೂನ್‌ನಲ್ಲಿ ಚಾರ್ಲ್‌ಸ್ಟನ್‌ನ ಎಮಾನ್ಯುಯೆಲ್ ಚರ್ಚಲ್ಲಿ ಬೈಬಲ್ ಓದ್ತಾ ಕೂತಿದ್ದ ಒಂಬತ್ತು ಜನರನ್ನ ಒಬ್ಬ ಬಿಳಿಯ ಯುವಕ ಗುಂಡಿಟ್ಟು ಕೊಂದ, ಒಬಾಮಾ ಆ ಊರಿಗೆ ಹೋಗಿ ಪಾದ್ರಿಯ ಅಂತಿಮ ನಮನದಲ್ಲಿ ಮಾತಾಡ್ತಾ ಮಾತಾಡ್ತಾ ಭಕ್ತಿಗೀತೆ ಹಾಡೋಕೆ ಶುರು ಮಾಡಿದ್ರು, ಇಡೀ ಸಭೆ ಎದ್ದು ಜೊತೆಗೆ ಹಾಡಿತು. ಇದೆಲ್ಲಾ ಕಣ್ಣಾರೆ ಕಂಡ ಒಬ್ಬ ಅರವತ್ತೈದು ವರ್ಷದ ತಾಯಿಗೆ ಒಬಾಮಾ ಲೆಗಸಿ (ಅವ್ರು ಬಿಟ್ಟು ಹೋಗೋ ಪರಂಪರೆ) ಅಂದ್ರೆ ವಿಮೆ ಪ್ರೀಮಿಯಂ ಎಷ್ಟು, ಬ್ಯಾಂಕಿನ ಮೇಲಿನ ನಿಯಮ ಎಷ್ಟನೇ ಸೆಕ್ಷನ್ ಅಂತ ಅಲ್ಲ. ನಮ್ಮ ಮನೆ ಮಗನ್ನ ಅಷ್ಟು ಜನ ಅವಮಾನ ಮಾಡುವಾಗ ಯಾರು ಪಕ್ಕದಲ್ಲಿ ನಿಂತ್ರು ಅನ್ನೋ ನೆನಪು ಅದು. "ಅಧ್ಯಕ್ಷರು ನಿರಾಸೆ ಮಾಡಿದ್ರು" ಅಂತ ಒಬ್ಬ ವರ್ಮಾಂಟ್ ಸೆನೆಟರ್ ಪಾಲಿಸಿ ದೃಷ್ಟಿಯಿಂದ, ಒಳ್ಳೆ ಮನಸ್ಸಿಂದಲೇ ಹೇಳಿದ್ರೂ, ಆ ತಾಯಿ ಕಿವಿಗೆ ಅದು ಆ ಅವಮಾನಗಳ ಸಾಲಿಗೇ ಹೋಗಿ ಸೇರ್ಕೊಳ್ತು. ಒಬಾಮಾನ ಕಟುವಾಗಿ ಟೀಕಿಸ್ತಿದ್ದ ಕಾರ್ನೆಲ್ ವೆಸ್ಟ್ ಅಂಥ ಚಿಂತಕರನ್ನ ಪಕ್ಕದಲ್ಲಿಟ್ಕೊಂಡು ಸ್ಯಾಂಡರ್ಸ್ ಪ್ರಚಾರ ಮಾಡಿದ್ದು ವಿಷಯನ ಇನ್ನೂ ಹದಗೆಡಿಸ್ತು. ಸ್ಯಾಂಡರ್ಸ್ ಅವರದು ಪ್ರಾಮಾಣಿಕ ಟೀಕೆ ಅಂತ ನಂಗೆ ಗೌರವ ಇದೆ, ಆದ್ರೆ ಯಾರಿಗೆ ಹೇಳ್ತಿದೀನಿ, ಅವ್ರು ಏನೆಲ್ಲಾ ಸಹಿಸ್ಕೊಂಡು ಬಂದಿದಾರೆ ಅನ್ನೋದನ್ನ ಅವರ ಕ್ಯಾಂಪೇನ್ ಅರ್ಥ ಮಾಡ್ಕೊಳ್ಳೋ ಹೊತ್ತಿಗೆ ದಕ್ಷಿಣದ ರಾಜ್ಯಗಳೆಲ್ಲ ಕೈಬಿಟ್ಟು ಹೋಗಿದ್ವು. ಮಾರ್ಚ್ 1ರಂದು ಅಲಬಾಮಾ, ಜಾರ್ಜಿಯಾ, ಟೆನೆಸ್ಸಿ, ಟೆಕ್ಸಾಸ್, ವರ್ಜೀನಿಯಾ ಎಲ್ಲಾ ಹಿಲರಿಗೆ ಹೋಯ್ತು. ಆಮೇಲೆ ಸ್ಯಾಂಡರ್ಸ್ ಎಷ್ಟು ರಾಜ್ಯ ಗೆದ್ರೂ ಆ ಡೆಲಿಗೇಟ್ (ಟಿಕೆಟ್ ಯಾರಿಗೆ ಅಂತ ಕೊನೆಗೆ ತೀರ್ಮಾನ ಮಾಡೋ ಪ್ರತಿನಿಧಿಗಳು) ಅಂತರ ತುಂಬಿಸೋಕೆ ಆಗ್ಲೇ ಇಲ್ಲ.

ಹಂಗಂತ ಒಬಾಮಾ ಹೆಸರು ಎಲ್ಲಾ ಕಡೆ ಮಂತ್ರದ ಥರ ಕೆಲಸ ಮಾಡ್ತು ಅಂದ್ಕೋಬೇಡಿ. ಮಾರ್ಚ್ 6ಕ್ಕೆ ಮಿಶಿಗನ್‌ನ ಫ್ಲಿಂಟ್‌ನಲ್ಲಿ ಡಿಬೇಟ್ ಆಯ್ತು, ಕಾರು ಕಾರ್ಖಾನೆಗಳ ರಾಜ್ಯ ಅದು. ಕಾರು ಉದ್ಯಮನ ಉಳಿಸಿದ್ದು ಒಬಾಮಾ, ಆ ದುಡ್ಡಿಗೆ ಸ್ಯಾಂಡರ್ಸ್ ವಿರುದ್ಧ ವೋಟು ಹಾಕಿದ್ರು ಅಂತ ಹಿಲರಿ ಆಪಾದನೆ ಮಾಡಿದ್ರು. ಇದು ಅರ್ಧ ಸತ್ಯ. 2008 ಡಿಸೆಂಬರ್‌ನಲ್ಲಿ ಕಾರು ಕಂಪನಿಗಳಿಗೇ ಅಂತ ಪ್ರತ್ಯೇಕವಾಗಿ ಬಂದ ನೆರವಿನ ಬಿಲ್ ಪರ ಸ್ಯಾಂಡರ್ಸ್ ಇದ್ರು, 2009 ಜನವರಿಯಲ್ಲಿ ಅವ್ರು ವಿರೋಧಿಸಿದ್ದು ವಾಲ್ ಸ್ಟ್ರೀಟ್ ಬ್ಯಾಂಕುಗಳಿಗೆ ಹೋಗ್ತಿದ್ದ ದೊಡ್ಡ ಗಂಟಿನ ಎರಡನೇ ಕಂತಿಗೆ, ಕಾರು ಕಂಪನಿಗಳಿಗೂ ಆ ಗಂಟಿಂದಲೇ ದುಡ್ಡು ಹೋಯ್ತು ಅನ್ನೋದು ನಿಜ. ಎರಡು ದಿನ ಬಿಟ್ಟು ಮಿಶಿಗನ್ ಜನ ಸ್ಯಾಂಡರ್ಸ್‌ನ ಸುಮಾರು ಒಂದೂವರೆ ಪರ್ಸೆಂಟ್ ಅಂತರದಲ್ಲಿ ಗೆಲ್ಲಿಸಿದ್ರು, ಸಮೀಕ್ಷೆಗಳೆಲ್ಲ ಹಿಲರಿ ಆರಾಮಾಗಿ ಗೆಲ್ತಾರೆ ಅಂದಿದ್ವು. ಯಾಕೆ ಅಂದ್ರೆ ಅಲ್ಲಿಯ ಕಾರ್ಮಿಕರಿಗೆ ಒಬಾಮಾ ಲೆಗಸಿಯಲ್ಲಿ ಟಿಪಿಪಿನೂ ಇತ್ತು, ಅದಕ್ಕೆ ಆಗ ತಾನೇ ಫೆಬ್ರವರಿ 4ಕ್ಕೆ ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಸಹಿ ಬಿದ್ದಿತ್ತು. ಸೌತ್ ಕ್ಯಾರೊಲಿನಾದ ಚರ್ಚಲ್ಲಿ ಒಂದು ಒಬಾಮಾ, ಫ್ಲಿಂಟ್‌ನ ಫ್ಯಾಕ್ಟರಿ ಗೇಟಲ್ಲಿ ಇನ್ನೊಂದು ಒಬಾಮಾ. ವಾರಸುದಾರರು ಯಾರು ಅಂತ ಕೇಳೋಕೆ ಮುಂಚೆ ಯಾವ ಆಸ್ತಿ ಅಂತ ಕೇಳ್ಬೇಕು.

ಆಸ್ತಿ ಅಂದಾಗ ಇನ್ನೊಂದು ನೆನಪಾಯ್ತು, ಇದು ನಮ್ಮೋರಿಗೂ ತಟ್ಟೋ ವಿಷಯ. ಸಂಸತ್ತಲ್ಲಿ ಪಾಸಾದ ಕಾಯ್ದೆ ಗಟ್ಟಿ, ಅಧ್ಯಕ್ಷರ ಆಡಳಿತ ತಾನೇ ಹೊರಡಿಸಿದ ಆದೇಶ, ನಿಯಮ ಇವೆಲ್ಲ ಮುಂದಿನೋರು ಬಂದು ಬದಲಾಯಿಸ್ಬಹುದು. ಎಚ್-1ಬಿ ವೀಸಾದಲ್ಲಿ ಹೋದೋರ ಗಂಡ ಅಥವಾ ಹೆಂಡತಿಗೆ, ಅಂದ್ರೆ ಎಚ್-4 ವೀಸಾದೋರಿಗೆ, ಗ್ರೀನ್ ಕಾರ್ಡ್ ಕ್ಯೂನಲ್ಲಿ ಒಂದು ಹಂತ ದಾಟಿದ್ರೆ ಕೆಲಸ ಮಾಡೋಕೆ ಬಿಟ್ಟ ನಿಯಮ 2015 ಮೇ 26ರಿಂದ ಜಾರಿಗೆ ಬಂತು, ಅದೂ ಒಬಾಮಾ ಆಡಳಿತದ್ದೇ. ಬೆಂಗಳೂರು, ಮೈಸೂರು ಕಡೆಯಿಂದ ಇಂಜಿನಿಯರಿಂಗ್ ಓದ್ಕೊಂಡು ಮದುವೆ ಆಗಿ ಅಲ್ಲಿಗೆ ಹೋಗಿ ವರ್ಷಗಟ್ಟಲೆ ಮನೇಲಿ ಕೂತಿದ್ದ ಎಷ್ಟೋ ಹೆಣ್ಮಕ್ಕಳಿಗೆ ಆವತ್ತು ಬಾಗಿಲು ತೆರೀತು. 2017ರ ನಂತರ ಅದನ್ನ ರದ್ದು ಮಾಡ್ತೀವಿ ಅಂತ ಹೊಸ ಆಡಳಿತ ಹೇಳ್ತಾನೇ ಇದ್ದಾಗ ಆ ಮನೆಗಳಲ್ಲಿ ಎಷ್ಟು ಆತಂಕ ಇತ್ತು ಅಂತ ಅಲ್ಲಿ ನೆಂಟರಿದ್ದೋರಿಗೆ ಗೊತ್ತಿರತ್ತೆ. ಮುಂದೆ ಯಾರು ಬರ್ತಾರೆ ಅನ್ನೋದ್ರ ಮೇಲೆ ಹಿಂದಿನೋರ ಕೆಲಸ ನಿಂತಿರತ್ತೆ ಅನ್ನೋದು ಪುಸ್ತಕದ ಮಾತಲ್ಲ.

ಒಬಾಮಾ ಯಾಕೆ ಸುಮ್ನಿದ್ರು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಅವ್ರಿಗೆ ತನ್ನ ಕೆಲಸ ಉಳೀಬೇಕಿತ್ತು, ಅದಕ್ಕೆ ನವೆಂಬರ್‌ನ ಅಂತಿಮ ಚುನಾವಣೇಲಿ ಯಾರಾದ್ರೂ ಒಬ್ಬ ಡೆಮಾಕ್ರಾಟ್ ಗೆಲ್ಲಬೇಕು, ಗೆಲ್ಲಬೇಕು ಅಂದ್ರೆ ಸೋತವರ ಕಡೆಯ ಹುಡುಗರು ಮುನಿಸ್ಕೊಂಡು ಮನೇಲಿ ಕೂರಬಾರದು. ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೋ ಪರಿಸ್ಥಿತಿ. ಮನಸ್ಸು ಎತ್ತಕಡೆ ವಾಲಿತ್ತು ಅಂತ ಗುಟ್ಟೇನೂ ಇರ್ಲಿಲ್ಲ, ಜನವರಿ ಕೊನೇಲಿ ಒಂದು ಸಂದರ್ಶನದಲ್ಲಿ ಹಿಲರಿ ಬುದ್ಧಿವಂತಿಕೆನ ಬಾಯ್ತುಂಬಾ ಹೊಗಳಿ, ಸ್ಯಾಂಡರ್ಸ್‌ಗೆ ಹೊಸ ಮುಖ ಆಗಿರೋ ಅನುಕೂಲ ಇದೆ ಅನ್ನೋ ಥರ ಮಾತಾಡಿದ್ರು, ಎರಡು ದಿನ ಬಿಟ್ಟು ಸ್ಯಾಂಡರ್ಸ್‌ನ ಕರೆದು ಓವಲ್ ಆಫೀಸಲ್ಲಿ ಕೂರಿಸ್ಕೊಂಡು ಮಾತಾಡಿದ್ರು. ಉಪಾಧ್ಯಕ್ಷ ಜೋ ಬೈಡನ್ ವಿಷಯಾನೂ ಇತ್ತು. ಮಗ ಬೋ ತೀರಿಹೋದ ದುಃಖದಲ್ಲಿದ್ದ ಬೈಡನ್, 2015 ಅಕ್ಟೋಬರ್ 21ಕ್ಕೆ ವೈಟ್ ಹೌಸ್ ತೋಟದಲ್ಲಿ ಒಬಾಮಾ ಪಕ್ಕದಲ್ಲೇ ನಿಂತು ನಾನು ಸ್ಪರ್ಧೆ ಮಾಡಲ್ಲ ಅಂದ್ರು, ಅಂದವರೇ ಒಬಾಮಾ ಲೆಗಸಿಯಿಂದ ದೂರ ಸರಿದ್ರೆ ಈ ಪಕ್ಷ ಈ ದೇಶ ದುರಂತದ ತಪ್ಪು ಮಾಡಿದ ಹಾಗೆ, ಈ ದಾಖಲೆ ಹಿಡ್ಕೊಂಡೇ ಚುನಾವಣೆಗೆ ಹೋಗಬೇಕು ಅಂದ್ರು. ಯಾರು ಬೇಕಾದ್ರೂ ನಿಲ್ಲಿ, ಆದ್ರೆ ಮಾನದಂಡ ಇದು ಅಂತ ಗೆರೆ ಎಳೆದು ಹೋದ ಹಂಗಿತ್ತು ಆ ಭಾಷಣ. ಹಿಲರಿಗೆ ಬೇಕಾದಷ್ಟು ಡೆಲಿಗೇಟ್ ಬಂದ್ಮೇಲೆ, ಜೂನ್ 9ಕ್ಕೆ, ಸ್ಯಾಂಡರ್ಸ್‌ನ ಮತ್ತೆ ವೈಟ್ ಹೌಸ್‌ಗೆ ಕರೆದು ಮರ್ಯಾದೆಯಿಂದ ಮಾತಾಡಿಸಿ, ಅದೇ ದಿನ ವಿಡಿಯೋದಲ್ಲಿ ಹಿಲರಿಗೆ ಬೆಂಬಲ ಘೋಷಿಸಿದ್ರು. ಆ ಕ್ರಮ ಸರಿಯಾಗೇ ಇತ್ತು ಅಂತ ನನ್ನ ಅಭಿಪ್ರಾಯ.

ಇದು ಒಬಾಮಾ ಕಾಲದ ಹೊಸ ವಿದ್ಯಮಾನ ಅಲ್ಲ. 1988ರಲ್ಲಿ ರಿಪಬ್ಲಿಕನ್ ಪಕ್ಷದೊಳಗೆ ಅಧ್ಯಕ್ಷ ರೇಗನ್ ಹೆಸರಿಗೆ ಇದಕ್ಕಿಂತ ಜೋರು ಕಿತ್ತಾಟ ಆಗಿತ್ತು. ಎಂಟು ವರ್ಷ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ (ಅಪ್ಪ ಬುಷ್), ಸೆನೆಟ್‌ನಲ್ಲಿ ರೇಗನ್ ಬಿಲ್‌ಗಳನ್ನ ಪಾಸ್ ಮಾಡಿಸಿದ ಬಾಬ್ ಡೋಲ್, 1981ರ ತೆರಿಗೆ ಕಡಿತದ ಮೂಲ ಯೋಚನೆನೇ ತನ್ನದು ಅಂತಿದ್ದ ಜ್ಯಾಕ್ ಕೆಂಪ್. ವಿಚಾರದಲ್ಲಿ ನೋಡಿದ್ರೆ ರೇಗನ್ ಶಿಷ್ಯ ಕೆಂಪ್. ಬುಷ್ ಅಂತೂ 1980ರ ಪ್ರೈಮರಿಯಲ್ಲಿ ರೇಗನ್ ಎದುರು ನಿಂತಾಗ ಅದೇ ಅರ್ಥನೀತಿನ ಮಾಟ ಮಂತ್ರದ ಅರ್ಥಶಾಸ್ತ್ರ ಅಂತ ಬೈದಿದ್ರು. ಆದ್ರೂ ಗೆದ್ದಿದ್ದು ಬುಷ್. ಅಯೋವಾದಲ್ಲಿ ಡೋಲ್‌ಗೆ ಶೇ 37, ಬುಷ್ ಶೇ 19ಕ್ಕೆ ಇಳಿದು ಪಾದ್ರಿ ಪ್ಯಾಟ್ ರಾಬರ್ಟ್‌ಸನ್ ಹಿಂದೆ ಮೂರನೇ ಜಾಗಕ್ಕೆ ಬಿದ್ರು. ಎಂಟು ದಿನದಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬುಷ್, ಡೋಲ್ ತೆರಿಗೆ ವಿಷಯದಲ್ಲಿ ಎರಡೂ ದೋಣೀಲಿ ಕಾಲಿಡ್ತಾರೆ ಅನ್ನೋ ಜಾಹೀರಾತು ಬಿಟ್ಟು ಶೇ 38ಕ್ಕೆ 28ರಷ್ಟು ಅಂತರದಲ್ಲಿ ಗೆದ್ರು, ಡೋಲ್ ಸೋತ ರಾತ್ರಿ ಟಿವಿಯಲ್ಲೇ ನನ್ನ ದಾಖಲೆ ಬಗ್ಗೆ ಸುಳ್ಳು ಹೇಳೋದು ನಿಲ್ಲಿಸಿ ಅಂತ ಸಿಡಿದ್ರು. ರೇಗನ್ ಆಗ್ಲೂ ತಟಸ್ಥ, ಫಲಿತಾಂಶ ಸ್ಪಷ್ಟ ಆದ್ಮೇಲೆ ಮೇ ತಿಂಗಳಲ್ಲಿ ಬೆಂಬಲ ಹೇಳಿದ್ರು. ಹಿಲರಿ ಮತ್ತು ಬುಷ್ ಇಬ್ಬರ ಕಥೆ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರೂ ಮೊದ್ಲು ಎದುರಾಳಿ, ಆಮೇಲೆ ಜೊತೆಗಾರರು, ಕೊನೆಗೆ ವಾರಸುದಾರರು. ಪ್ರೈಮರಿ ಮತದಾರರು ವಿಚಾರದ ಹೊಂದಾಣಿಕೆಗಿಂತ ಜೊತೆಗಿದ್ದ ವರ್ಷಗಳಿಗೆ ಬೆಲೆ ಕೊಡ್ತಾರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ.

ಉಲ್ಟಾ ಉದಾಹರಣೆಗಳೂ ಇವೆ. 1960ರಲ್ಲಿ ಉಪಾಧ್ಯಕ್ಷ ನಿಕ್ಸನ್, ಅಧ್ಯಕ್ಷ ಐಸೆನ್‌ಹೋವರ್ ಆಡಳಿತದ ಅನುಭವನೇ ಬಂಡವಾಳ ಮಾಡ್ಕೊಂಡಿದ್ದಾಗ, ಪತ್ರಕರ್ತರು ನಿಮ್ಮ ಉಪಾಧ್ಯಕ್ಷರ ಯಾವ ದೊಡ್ಡ ಐಡಿಯಾನ ನೀವು ಅಳವಡಿಸ್ಕೊಂಡ್ರಿ ಅಂತ ಕೇಳಿದ್ದಕ್ಕೆ ಐಸೆನ್‌ಹೋವರ್ ಒಂದು ವಾರ ಟೈಮ್ ಕೊಟ್ರೆ ಯಾವುದಾದ್ರೂ ನೆನಪಾಗಬಹುದು ಅಂದುಬಿಟ್ರು, ಎದುರಾಳಿ ಕೆನಡಿ ಕಡೆಯವರು ಅದನ್ನ ಜಾಹೀರಾತಲ್ಲೇ ಹಾಕಿದ್ರು. 2000ದಲ್ಲಿ ಉಪಾಧ್ಯಕ್ಷ ಅಲ್ ಗೋರ್‌ಗೆ ಅತ್ತ ದರಿ ಇತ್ತ ಪುಲಿ, ಬಿಲ್ ಕ್ಲಿಂಟನ್ ಕಾಲದ ಆರ್ಥಿಕತೆ ಬೇಕು, ಅವರ ಹಗರಣ ಬೇಡ. 2008ರಲ್ಲಿ ರಿಪಬ್ಲಿಕನ್ ಅಭ್ಯರ್ಥಿಗಳು ರೇಗನ್ ಗ್ರಂಥಾಲಯದಲ್ಲೇ ಡಿಬೇಟ್‌ಗೆ ನಿಂತು ರೇಗನ್ ರೇಗನ್ ಅಂತ ಜಪ ಮಾಡಿದ್ರು, ಆಗ ಕುರ್ಚಿ ಮೇಲಿದ್ದ ಮಗ ಬುಷ್ ಹೆಸರು ಎತ್ತೋಕೆ ಹಿಂಜರಿದ್ರು, ಇರಾಕ್ ಯುದ್ಧದಿಂದ ಅವರ ಜನಪ್ರಿಯತೆ ಪಾತಾಳಕ್ಕಿಳಿದಿತ್ತು.

ಕೊನೇ ಪ್ರಶ್ನೆ, ವೋಟು ಬಂತಾ? ಪ್ರೈಮರಿಯಲ್ಲಿ ಬಂತು, ಹಿಲರಿಗೆ ಹೆಚ್ಚುಕಮ್ಮಿ 1.69 ಕೋಟಿ, ಸ್ಯಾಂಡರ್ಸ್‌ಗೆ 1.32 ಕೋಟಿ. ನವೆಂಬರ್‌ಗೆ ಮಾತ್ರ ಆ ಪ್ರೀತಿ ಪೂರ್ತಿಯಾಗಿ ವರ್ಗಾವಣೆ ಆಗಲಿಲ್ಲ. ಮನೆಯೊಳಗೆ ಯಜಮಾನರ ಹೆಸರು ಬಲ, ಬೀದಿಗೆ ಬಂದ್ರೆ ಎಂಟು ವರ್ಷದಿಂದ ಇವ್ರೇ ಇದಾರಲ್ಲ, ಇನ್ನೂ ನಾಲ್ಕು ವರ್ಷನಾ ಅಂತ ಕೇಳೋರೇ ಜಾಸ್ತಿ. 22ನೇ ತಿದ್ದುಪಡಿ ಬಂದ್ಮೇಲೆ ಒಂದೇ ಪಕ್ಷ ಸತತ ಮೂರನೇ ಅವಧಿ ಗೆದ್ದಿದ್ದು 1988ರಲ್ಲಿ ಬುಷ್ ಒಬ್ರೇ. ಈ ಅಪಾಯ ಒಬಾಮಾಗೆ ಗೊತ್ತಿತ್ತು, ಸೆಪ್ಟೆಂಬರ್ 17ಕ್ಕೆ ಕಪ್ಪು ಜನಾಂಗದ ಸಂಸದರ ಭೋಜನಕೂಟದಲ್ಲಿ, ಈ ಸಮುದಾಯ ಈ ಚುನಾವಣೇಲಿ ಎದ್ದು ಬಂದು ವೋಟು ಹಾಕದೇ ಇದ್ರೆ ಅದನ್ನ ನಾನು ನನ್ನ ಲೆಗಸಿಗೆ ಆದ ವೈಯಕ್ತಿಕ ಅವಮಾನ ಅಂದ್ಕೋತೀನಿ ಅಂತ ಕೈಮುಗಿಯೋ ಹಾಗೆ ಕೇಳಿದ್ರು. ಆದ್ರೂ ಕಪ್ಪು ಮತದಾರರ ಮತದಾನ 2012ರಲ್ಲಿ ಶೇ 66.6 ಇದ್ದಿದ್ದು 2016ಕ್ಕೆ ಶೇ 59.6ಕ್ಕೆ ಇಳೀತು. ತಾಯಂದಿರು ಬಂದ್ರು, ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಜನ ಬರಲಿಲ್ಲ, ಒಬಾಮಾಗೆ ಅಂತ ಬಂದಿದ್ದೋರು ಒಬಾಮಾ ಹೇಳಿದ್ರು ಅಂತ ಇನ್ನೊಬ್ಬರಿಗೆ ಬರಲಿಲ್ಲ.

ನೀವು ನೋಡಿದ ಆ ಡಿಬೇಟ್ ನಡೆದ ಮಿಲ್ವಾಕಿಗೇ ವಾಪಸ್ ಬರ್ತೀನಿ. ಜೂನ್ 15ಕ್ಕೆ ವಿಸ್ಕಾನ್ಸಿನ್‌ನ ಗ್ರೀನ್ ಬೇನಲ್ಲಿ ಒಬಾಮಾ ಮತ್ತು ಹಿಲರಿ ಒಟ್ಟಿಗೆ ಮೊದಲ ಪ್ರಚಾರ ಸಭೆ ಮಾಡ್ಬೇಕು ಅಂತ ನಿಗದಿ ಆಗಿತ್ತು, ಆರ್ಲಾಂಡೋ ಗುಂಡಿನ ದಾಳಿ ಆಗಿದ್ದಕ್ಕೆ ಅದು ನಿಂತುಹೋಯ್ತು, ಆಮೇಲೆ ಜುಲೈ 5ಕ್ಕೆ ಮೊದಲ ಸಭೆ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ ಆಯ್ತು. ಟಿಕೆಟ್ ಸಿಕ್ಕ ಮೇಲೆ ನವೆಂಬರ್ ತನಕ ಹಿಲರಿ ವಿಸ್ಕಾನ್ಸಿನ್‌ಗೆ ಒಂದು ಸಲಾನೂ ಕಾಲಿಡಲಿಲ್ಲ. ಗುರುತಿನ ಚೀಟಿ ಕೇಳೋ ಹೊಸ ಕಾನೂನು ಬೇರೆ ಆ ವರ್ಷ ಅಲ್ಲಿ ಜಾರಿಯಲ್ಲಿತ್ತು. ಮಿಲ್ವಾಕಿ ಊರಲ್ಲಿ 2012ಕ್ಕಿಂತ ಸುಮಾರು 41,000 ವೋಟು ಕಮ್ಮಿ ಬಿತ್ತು, ಇಡೀ ರಾಜ್ಯ ಕೈತಪ್ಪಿದ್ದು 22,748 ವೋಟಲ್ಲಿ.